ಪಂಪು ಮಾರುವ ಕೆಲಸದಲ್ಲಿ ಒಂದು ವರ್ಷ: ಜೂನಿಯರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಡ್ಯ ಜಿಲ್ಲೆಯವಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ ಮೈಸೂರಿನಲ್ಲಿ ಕೈಗಾರಿಕಾ ಪಂಪು ಮಾರುವ ಒಂದು ಕಂಪನಿಯ ಸೇಲ್ಸ್ ವಿಭಾಗದಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದೆ. ಈಗ ಲೇಟರಲ್ ಎಂಟ್ರಿಯಲ್ಲಿ ಬಿ.ಇ. ಎರಡನೇ ವರ್ಷಕ್ಕೆ ಸೇರಿ ಓದುತ್ತಿದ್ದೇನೆ. ಪಾಲಿಟೆಕ್ನಿಕ್‌ನಲ್ಲಿ ನನಗಿಂತ ಕಿರಿಯರಾಗಿದ್ದವರು ಆ ಅಪ್ರೆಂಟಿಸ್ ವರ್ಷದ ಬಗ್ಗೆ ತುಂಬಾ ಕೇಳುತ್ತಾರೆ. ಅವರ ಮನೆಯವರೂ ಕೇಳುತ್ತಾರೆ. ಎಲ್ಲರಿಗೂ ಒಂದೇ ಕಡೆ ಸಿಗಲಿ ಅಂತ ಇಲ್ಲಿ ಬರೆದಿದ್ದೇನೆ.

ಟೆಕ್ನಿಕಲ್ ಸೇಲ್ಸ್ ಅಂದ್ರೆ ಏನು? ಮನೆ ಮನೆಗೆ ಹೋಗಿ ಮಾರೋದಾ?

ಅಲ್ಲ. ಇಲ್ಲಿ ಕೊಳ್ಳುವುದು ಕಾರ್ಖಾನೆ. ಅವರಿಗೆ ಒಂದು ಕೆಲಸ ಆಗಬೇಕಿರುತ್ತದೆ. ನೀರನ್ನು ಮೇಲಕ್ಕೆ ಎತ್ತಬೇಕು, ಕಾಕಂಬಿಯನ್ನು ಟ್ಯಾಂಕಿನಿಂದ ಟ್ಯಾಂಕಿಗೆ ಸಾಗಿಸಬೇಕು, ಬಾಯ್ಲರ್‌ಗೆ ನೀರು ಕೊಡಬೇಕು. ಆ ಕೆಲಸಕ್ಕೆ ಯಾವ ಪಂಪು, ಎಷ್ಟು ಎಚ್‌ಪಿ ಮೋಟಾರು, ಯಾವ ಲೋಹ, ಯಾವ ಸೀಲ್ (ತಿರುಗುವ ಶಾಫ್ಟಿನ ಸುತ್ತ ಸೋರದಂತೆ ತಡೆಯುವ ಭಾಗ) ಅಂತ ಆರಿಸಿ, ಲೆಕ್ಕ ಹಾಕಿ, ಬೆಲೆ ಹೇಳಿ, ಹಾಕಿಸಿಕೊಟ್ಟು, ಆಮೇಲೂ ಫೋನ್ ಎತ್ತುವುದು ನಮ್ಮ ಕೆಲಸ. ಮಾತು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಮಾತಿಗಿಂತ ಜಾಸ್ತಿ ಬೇಕಿರುವುದು ಟೇಪು, ನೋಟ್‌ಬುಕ್ ಮತ್ತು ಕೇಳಿಸಿಕೊಳ್ಳುವ ಕಿವಿ. ಸೇಲ್ಸ್ ಅಂದ ಕೂಡಲೇ ‘ಎಂಜಿನಿಯರಿಂಗ್ ಬಿಟ್ಟುಬಿಟ್ಟಳು’ ಅಂದುಕೊಳ್ಳುವವರಿಗೆ ನಾನು ಹೇಳುವುದು ಒಂದೇ: ಓದಿದ ಎಂಜಿನಿಯರಿಂಗ್ ನನಗೆ ನಿಜವಾಗಿ ಅರ್ಥ ಆಗಿದ್ದು ಆ ವರ್ಷವೇ.

ಈ ಒಂದು ವರ್ಷ ಯಾವ ಲೆಕ್ಕದಲ್ಲಿ ಸಿಗುತ್ತೆ? ಇಂಟರ್ನ್‌ಶಿಪ್ಪಾ, ಅಪ್ರೆಂಟಿಸಾ?

ಎರಡೂ ಬೇರೆ. ಇಂಟರ್ನ್‌ಶಿಪ್ ಕೋರ್ಸಿನ ಒಳಗೇ ಬರುತ್ತದೆ, ಕೆಲವು ವಾರ ಅಥವಾ ಒಂದು ಸೆಮಿಸ್ಟರ್ ಇರುತ್ತದೆ. ನಾನು ಮಾಡಿದ್ದು ಡಿಪ್ಲೊಮಾ ಮುಗಿದ ಮೇಲಿನ ಅಪ್ರೆಂಟಿಸ್‌ಶಿಪ್. ಇದು 1961ರ ಅಪ್ರೆಂಟಿಸ್ ಕಾಯ್ದೆಯಡಿ ಬರುತ್ತದೆ. ಡಿಪ್ಲೊಮಾ ಮತ್ತು ಡಿಗ್ರಿಯವರು ಕೇಂದ್ರ ಸರ್ಕಾರದ ‘ನ್ಯಾಟ್ಸ್’ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅವಧಿ ಒಂದು ವರ್ಷ. ದಕ್ಷಿಣದ ರಾಜ್ಯಗಳ ವ್ಯವಹಾರ ನೋಡಿಕೊಳ್ಳುವ ಮಂಡಳಿ ಚೆನ್ನೈನಲ್ಲಿದೆ. ಮುಗಿದ ಮೇಲೆ ಸರ್ಕಾರದ ಪ್ರಮಾಣಪತ್ರ ಸಿಗುತ್ತದೆ.

2019ರ ತಿದ್ದುಪಡಿ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4 ಜನರಿಂದ 29 ಜನ ಇರುವ ಕಡೆ ಅದು ಅವರ ಇಷ್ಟ. ಇದು ಗೊತ್ತಿದ್ದರೆ ಒಳ್ಳೆಯದು. ಯಾಕಂದ್ರೆ ನಮ್ಮ ಹುಡುಗರು ದೊಡ್ಡ ಬೋರ್ಡು ಹಾಕಿರುವ ಕಾರ್ಖಾನೆ ಮುಂದೆಯೇ ಸಾಲು ನಿಲ್ಲುತ್ತಾರೆ. ಮೈಸೂರಿನ ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾದ ಒಳರಸ್ತೆಗಳಲ್ಲಿ ಸಣ್ಣ ಕಚೇರಿಗಳೂ ಇವೆ. ಅಲ್ಲಿ ಕೇಳುವವರು ಕಡಿಮೆ, ಕಲಿಯುವುದು ಜಾಸ್ತಿ.

ದುಡ್ಡು ಎಷ್ಟು ಬರುತ್ತೆ?

ಅದೇ 2019ರ ನಿಯಮದಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000 ರೂಪಾಯಿ, ಡಿಗ್ರಿಯವರಿಗೆ ಕನಿಷ್ಠ 9,000 ಅಂತ ನಿಗದಿ ಮಾಡಿದ್ದರು. ಕನಿಷ್ಠ ಮೊತ್ತದ ಅರ್ಧವನ್ನು ಸರ್ಕಾರ ಕೊಡುತ್ತದೆ. ಸೇರುವ ಹೊತ್ತಿಗೆ ಜಾರಿಯಲ್ಲಿರುವ ದರ ಎಷ್ಟು ಅಂತ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಕಂಪನಿ ಅದಕ್ಕಿಂತ ಜಾಸ್ತಿ ಕೊಡಬಹುದು, ಕಡಿಮೆ ಕೊಡುವ ಹಾಗಿಲ್ಲ. ಪಿ.ಎಫ್. ಇರುವುದಿಲ್ಲ. ಆದರೆ ಕೆಲಸದ ವೇಳೆ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದ್ದು ಅಂತ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ.

ಸೇಲ್ಸ್‌ನಲ್ಲಿ ಇನ್ನೊಂದು ಮಾತು ಮೊದಲೇ ಆಗಬೇಕು: ಪೆಟ್ರೋಲ್. ದಿನಾ ಓಡಾಡುವ ಕೆಲಸ ಇದು. ಕಿಲೋಮೀಟರಿಗೆ ಇಷ್ಟು ಅಂತ ಕೊಡುತ್ತಾರಾ, ಬಿಲ್ಲು ಕೊಟ್ಟರೆ ಯಾವಾಗ ಬರುತ್ತದೆ, ಇದನ್ನು ಸೇರುವ ದಿನವೇ ಕೇಳಿ. ನಾಚಿಕೊಂಡು ಸುಮ್ಮನಿದ್ದರೆ ಸ್ಟೈಪೆಂಡಿನಲ್ಲಿ ಅರ್ಧ ಬಂಕಿಗೇ ಹೋಗುತ್ತದೆ.

ಮೊದಲ ದಿನದಿಂದಲೇ ಗಿರಾಕಿ ಹತ್ತಿರ ಕಳಿಸ್ತಾರಾ?

ಕಳಿಸುವುದಿಲ್ಲ, ಕಳಿಸಬಾರದು ಕೂಡ. ಮೊದಲು ನನ್ನನ್ನು ಸರ್ವಿಸ್ ಶೆಡ್ಡಿನಲ್ಲಿ ಬಿಟ್ಟಿದ್ದರು. ರಿಪೇರಿಗೆ ಬಂದ ಪಂಪು ಬಿಚ್ಚುವುದು, ತೊಳೆಯುವುದು, ಮತ್ತೆ ಜೋಡಿಸುವುದು. ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಮೇಲೆ ಗುಳಿ ಬಿದ್ದಿದ್ದರೆ ಯಾಕೆ, ಶಾಫ್ಟಿನ ಸೀಲ್ ಸುಟ್ಟಿದ್ದರೆ ಯಾಕೆ, ಬೇರಿಂಗ್ ಒಂದೇ ಕಡೆ ಸವೆದಿದ್ದರೆ ಯಾಕೆ ಅಂತ ಅಲ್ಲಿನ ಫಿಟ್ಟರ್ ಅಣ್ಣ ತೋರಿಸಿಕೊಟ್ಟರು. ಕೆಟ್ಟ ಪಂಪನ್ನು ನೋಡದೆ ಒಳ್ಳೆಯ ಪಂಪನ್ನು ಮಾರಲು ಬರುವುದಿಲ್ಲ. ನಿಮ್ಮನ್ನು ಮೊದಲ ವಾರವೇ ಕ್ಯಾಟಲಾಗ್ ಕೊಟ್ಟು ರಸ್ತೆಗೆ ಬಿಡುವ ಕಂಪನಿಯಾದರೆ, ನೀವೇ ಕೇಳಿ ಶೆಡ್ಡಿಗೆ ಹೋಗಿ. ಯಾರೂ ಬೇಡ ಅನ್ನುವುದಿಲ್ಲ.

ಆಮೇಲೆ ನೇಮ್‌ಪ್ಲೇಟ್ ಓದುವುದು. ಮೋಟಾರಿನ ಮೇಲೆ ತಗಡಿನ ಪಟ್ಟಿ ಇರುತ್ತದಲ್ಲ, ಅದರಲ್ಲಿ ಮೋಟಾರಿನ ಜಾತಕವೇ ಇದೆ. 1440 ಆರ್‌ಪಿಎಂ ಅಂತಿದ್ದರೆ ನಾಲ್ಕು ಪೋಲ್ (ಮೋಟಾರಿನೊಳಗಿನ ಕಾಂತದ ಧ್ರುವ), 2880 ಅಂತಿದ್ದರೆ ಎರಡು ಪೋಲ್. ಕಿಲೋವ್ಯಾಟ್, ಆಂಪಿಯರ್, ಫ್ರೇಮ್ ಸೈಜ್ ಎಲ್ಲ ಅಲ್ಲೇ. ಎಷ್ಟೋ ಕಡೆ ಪಟ್ಟಿಯ ಮೇಲೆ ಪೇಂಟ್ ಹೊಡೆದಿರುತ್ತಾರೆ. ಅದಕ್ಕೆ ಬ್ಯಾಗಿನಲ್ಲಿ ಒಂದು ಬಟ್ಟೆ, ಸ್ವಲ್ಪ ಥಿನ್ನರ್ ಇಟ್ಟುಕೊಂಡಿರುತ್ತಿದ್ದೆ.

ಯಾವ ಯಾವ ಕಡೆ ಓಡಾಡಬೇಕಾಗುತ್ತೆ?

ಮೈಸೂರಿನಲ್ಲಿ ಹೆಬ್ಬಾಳು, ಮೇಟಗಳ್ಳಿ, ಹೂಟಗಳ್ಳಿ, ಬೆಳವಾಡಿ, ಕೂರ್ಗಳ್ಳಿ. ದಕ್ಷಿಣಕ್ಕೆ ಕಡಕೊಳ, ತಾಂಡವಪುರ, ನಂಜನಗೂಡು. ಮಂಡ್ಯ ಕಡೆ ತೂಬಿನಕೆರೆ, ಮದ್ದೂರಿನ ಹತ್ತಿರ ಸೋಮನಹಳ್ಳಿ. ಇದರ ಜೊತೆಗೆ ರೈಸ್ ಮಿಲ್ಲುಗಳು, ಸಕ್ಕರೆ ಕಾರ್ಖಾನೆಗಳು, ಡೈರಿ.

ಒಂದೊಂದು ಕಡೆ ಒಂದೊಂದು ಬಗೆಯ ಜ್ಞಾನ ಬೇಕು. ಡೈರಿಯಲ್ಲಿ ಹಾಲು ಮುಟ್ಟುವ ಭಾಗವೆಲ್ಲ ಸ್ಟೇನ್‌ಲೆಸ್ ಸ್ಟೀಲ್ ಆಗಿರಬೇಕು. ಪೈಪ್ ಬಿಚ್ಚದೆ ಒಳಗೇ ಕಾಸ್ಟಿಕ್ ಮತ್ತು ನೈಟ್ರಿಕ್ ಆಮ್ಲ ಹಾಯಿಸಿ ತೊಳೆಯುತ್ತಾರೆ. ಹಾಗಾಗಿ ಹಾಲಿಗೆ ಒಗ್ಗಿದರೆ ಸಾಲದು, ಸೀಲು ಆ ಎರಡನ್ನೂ ತಡೆಯಬೇಕು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿಗೆ ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪು (ಇಂಪೆಲ್ಲರ್ ತಿರುಗಿ ನೀರನ್ನು ಹೊರಕ್ಕೆ ಎಸೆಯುವ ಬಗೆಯದು) ನಡೆಯುತ್ತದೆ. ಕಾಕಂಬಿಗೆ ನಡೆಯುವುದಿಲ್ಲ. ಅದು ತಣ್ಣಗಾದಷ್ಟೂ ಗಟ್ಟಿ. ಅದಕ್ಕೆ ಗೇರ್, ಲೋಬ್ ಅಥವಾ ಸ್ಕ್ರೂ ಪಂಪೇ ಬೇಕು, ವೇಗವೂ ಕಡಿಮೆ ಇರಬೇಕು.

ಸಕ್ಕರೆ ಅಂದರೆ ಸಮಯವೂ ಮುಖ್ಯ. ಮಂಡ್ಯದಲ್ಲಿ ಮೈಷುಗರ್ 1933ರಲ್ಲಿ ಶುರುವಾದಾಗಿನಿಂದ ಊರಿನ ಲೆಕ್ಕಾಚಾರವೇ ಕಬ್ಬು ಅರೆಯುವ ಹಂಗಾಮಿನ ಸುತ್ತ ತಿರುಗುತ್ತದೆ. ಉತ್ತರ ಕರ್ನಾಟಕದಲ್ಲಿ ಅರೆಯುವುದು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರ್‌ನಲ್ಲಿ ಶುರು. ನಮ್ಮ ಕಡೆ ಜೂನ್, ಜುಲೈ ಹೊತ್ತಿಗೇ ಶುರುವಾಗುತ್ತದೆ. ಹಂಗಾಮು ನಡೆಯುವಾಗ ಹೋಗಿ ಹೊಸ ಪಂಪಿನ ಮಾತೆತ್ತಿದರೆ ಯಾರಿಗೂ ಪುರುಸೊತ್ತಿಲ್ಲ. ಆಗ ಹೋಗಬೇಕಾದ್ದು ಕೆಟ್ಟಿದ್ದನ್ನು ಸರಿ ಮಾಡಲು ಮಾತ್ರ. ಆಫ್ ಸೀಸನ್‌ನಲ್ಲಿ ಎಲ್ಲ ಬಿಚ್ಚಿ ಓವರ್‌ಹಾಲ್ ಮಾಡುತ್ತಿರುತ್ತಾರೆ, ಕೊಳ್ಳುವ ಪಟ್ಟಿ ತಯಾರಾಗುವುದು ಆಗ. ಯಾವಾಗ ಹೋಗಬೇಕು ಅನ್ನುವುದನ್ನು ಕ್ಯಾಟಲಾಗ್ ಹೇಳಿಕೊಡುವುದಿಲ್ಲ.

ಕಾಲೇಜಲ್ಲಿ ಓದಿದ್ದು ಉಪಯೋಗಕ್ಕೆ ಬರುತ್ತಾ?

ಬರುತ್ತದೆ, ದಿನಾ ಬರುತ್ತದೆ. ಒಂದು ಉದಾಹರಣೆ. ಗಂಟೆಗೆ 20 ಘನ ಮೀಟರ್ ನೀರನ್ನು ಒಟ್ಟು 30 ಮೀಟರ್ ಹೆಡ್‌ಗೆ (ನೀರು ಏರಬೇಕಾದ ಎತ್ತರದ ಜೊತೆಗೆ ಪೈಪಿನ ಘರ್ಷಣೆಯ ನಷ್ಟವನ್ನೂ ಮೀಟರಿನಲ್ಲಿ ಸೇರಿಸಿದ ಲೆಕ್ಕ) ಎತ್ತಬೇಕು ಅನ್ನಿ. ನೀರಿಗೆ ಬೇಕಾದ ಶಕ್ತಿ ಸುಮಾರು 1.6 ಕಿಲೋವ್ಯಾಟ್. ಪಂಪಿನ ದಕ್ಷತೆ 60 ಶೇಕಡ ಅಂದರೆ ಶಾಫ್ಟಿಗೆ 2.7 ಕಿಲೋವ್ಯಾಟ್ ಬೇಕು. ಸ್ವಲ್ಪ ಮಾರ್ಜಿನ್ ಸೇರಿಸಿ 3.7 ಕಿಲೋವ್ಯಾಟ್, ಅಂದರೆ 5 ಎಚ್‌ಪಿ ಮೋಟಾರು ಕೊಡುತ್ತೇವೆ. ಹೈಡ್ರಾಲಿಕ್ಸ್ ಪಾಠದ ಎರಡೇ ಸಾಲು ಇದು. ಆದರೆ ಆ ‘30 ಮೀಟರ್ ಹೆಡ್’ ಎಲ್ಲಿಂದ ಬಂತು? ಪರೀಕ್ಷೆಯಲ್ಲಿ ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ಇಲ್ಲಿ ನೀವೇ ಏಣಿ ಹತ್ತಿ ಟ್ಯಾಂಕಿನ ಎತ್ತರ ಅಳೆಯಬೇಕು, ಪೈಪಿನ ಉದ್ದ ಹೆಜ್ಜೆ ಹಾಕಿ ನೋಡಬೇಕು, ಬೆಂಡು ವಾಲ್ವು ಎಣಿಸಬೇಕು. ಅಲ್ಲಿದೆ ಕೆಲಸ.

ಇನ್ನೊಂದು ವಿಷಯ, ಇದನ್ನು ಒತ್ತಿ ಹೇಳಬೇಕು. ಈಗ ಎಲ್ಲರೂ ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಮಾರುತ್ತಾರೆ. ‘ವೇಗ 20 ಶೇಕಡ ಇಳಿಸಿ, ಕರೆಂಟು ಅರ್ಧ ಉಳಿಯುತ್ತೆ’ ಅನ್ನುತ್ತಾರೆ. ವೇಗದ ಘನಕ್ಕೆ ತಕ್ಕಂತೆ ಶಕ್ತಿ ಇಳಿಯುತ್ತದೆ, 0.8ರ ಘನ 0.51, ಸೂತ್ರ ಸರಿ. ಆದರೆ ಇದು ಪೂರಾ ಹೊಂದುವುದು ಹೆಡ್ ಎಲ್ಲ ಪೈಪಿನ ಘರ್ಷಣೆಯಿಂದ ಬರುವ ಕಡೆ. ಓವರ್‌ಹೆಡ್ ಟ್ಯಾಂಕಿಗೆ ನೀರು ಎತ್ತುವ ಕಡೆ ಎತ್ತರ ಹಾಗೇ ಇರುತ್ತದಲ್ವಾ? ವೇಗ ಇಳಿಸಿದರೆ ಒಂದು ಹಂತದ ಕೆಳಗೆ ನೀರು ಮೇಲೆ ಹೋಗುವುದೇ ಇಲ್ಲ. ಅಂಥ ಕಡೆ ಅರ್ಧ ಉಳಿತಾಯ ಅಂತ ಕೊಟೇಶನ್‌ನಲ್ಲಿ ಬರೆದು ಕೊಡುವುದು ಮೋಸ. ಗೊತ್ತಿಲ್ಲದೆ ಬರೆದರೂ ಗಿರಾಕಿಗೆ ಆಗುವ ನಷ್ಟ ಅಷ್ಟೇ.

ಗಿರಾಕಿ ಕೇಳಿದ್ದನ್ನು ಕೊಟ್ಟುಬಿಟ್ರೆ ಆಗಲ್ವಾ? ಇಷ್ಟೆಲ್ಲ ಯಾಕೆ?

ಈ ಪ್ರಶ್ನೆಗೆ ಒಂದು ಘಟನೆ ಹೇಳುತ್ತೇನೆ. ಮಂಡ್ಯ ಕಡೆಯ ಒಂದು ರೈಸ್ ಮಿಲ್ಲಿನಿಂದ ಎನ್‌ಕ್ವೈರಿ ಬಂತು. ಬಾಯ್ಲರ್‌ಗೆ ನೀರು ಕೊಡುವ ಪಂಪು ಸಾಲುತ್ತಿಲ್ಲ, ದೊಡ್ಡ ಎಚ್‌ಪಿಯದ್ದು ಕೊಡಿ ಅಂತ. ಮಾಲೀಕರು ಬೆಲೆ ಕೇಳಿದರು, ಆರ್ಡರ್ ಕೈಯಲ್ಲೇ ಇತ್ತು. ನಮ್ಮ ಸೀನಿಯರ್ ಎಂಜಿನಿಯರ್ ಸರ್ ‘ಮೊದಲು ನೋಡೋಣ’ ಅಂದರು.

ಪಂಪಿನ ಪಕ್ಕದಲ್ಲಿ ಬಾಯ್ಲರ್ ನೋಡಿಕೊಳ್ಳುವ ಒಬ್ಬರು ಹಿರಿಯರು ಕೂತಿದ್ದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಸರ್ ಅವರ ಪಕ್ಕದಲ್ಲೇ ಕೂತು ‘ಯಜಮಾನ್ರೇ, ಏನಾಗ್ತದೆ ಇದಕ್ಕೆ?’ ಅಂದರು. ಅವರು ನನ್ನ ಕಡೆ ತಿರುಗಿ, ‘ಬೆಳಿಗ್ಗೆ ಚೆಂದಾಗ್ ಓಡ್ತದೆ ಕನವ್ವ. ಮಧ್ಯಾನದ್ ಮ್ಯಾಲೆ ಒಳಗೆ ಜಲ್ಲಿ ಹಾಕಿ ಅಲ್ಲಾಡ್ಸ್ದಂಗೆ ಸದ್ದು. ಆಮ್ಯಾಕೆ ನೀರೇ ಎತ್ತಕ್ಕಿಲ್ಲ’ ಅಂದರು.

ಉತ್ತರ ಅಲ್ಲೇ ಇತ್ತು. ಜಲ್ಲಿ ಸದ್ದು ಅಂದರೆ ಕ್ಯಾವಿಟೇಶನ್. ಪಂಪಿನ ಬಾಯಲ್ಲಿ ಒತ್ತಡ ತುಂಬಾ ಇಳಿದು ನೀರು ಅಲ್ಲೇ ಆವಿಯಾಗಿ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದಾಗ ಆ ಸದ್ದು, ಇಂಪೆಲ್ಲರ್ ಮೇಲೆ ಆ ಗುಳಿ. ಬೆಳಿಗ್ಗೆ ಯಾಕಿಲ್ಲ? ಉಗಿ ತಣಿದು ವಾಪಸ್ ಬರುವ ಬಿಸಿ ನೀರೇ ಆ ಟ್ಯಾಂಕಿಗೆ ಸೇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕು ಕೈ ಇಡಲಾರದಷ್ಟು ಬಿಸಿ. 90 ಡಿಗ್ರಿ ನೀರಿನ ಆವಿಯ ಒತ್ತಡವೇ ಸುಮಾರು 70 ಕಿಲೋಪ್ಯಾಸ್ಕಲ್. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 92 ಕಿಲೋಪ್ಯಾಸ್ಕಲ್ ಮಾತ್ರ, ಮಂಡ್ಯದಲ್ಲಿ ಅದಕ್ಕಿಂತ ತುಸು ಜಾಸ್ತಿ. ಪಂಪಿಗೆ ಉಳಿಯುವುದು ಎಷ್ಟು ಅಂತ ನೀವೇ ಕಳೆದು ನೋಡಿ. ಇದರ ಮೇಲೆ ಸಕ್ಷನ್ ಪೈಪು (ಪಂಪಿಗೆ ನೀರು ಎಳೆದುಕೊಳ್ಳುವ ಪೈಪು) ಪಂಪಿನ ಬಾಯಿಗಿಂತ ಸಣ್ಣದು, ಬಾಯಿಯ ಹತ್ತಿರವೇ ಎರಡು ಬೆಂಡು, ಸ್ಟ್ರೈನರ್ (ಕಸ ತಡೆಯುವ ಜಾಲರಿ) ತುಂಬಾ ಕಸ.

ದೊಡ್ಡ ಪಂಪು ಹಾಕಿದ್ದರೆ ಇನ್ನೂ ಜಾಸ್ತಿ ನೀರು ಎಳೆಯಲು ಹೋಗಿ ಇನ್ನೂ ಬೇಗ ಹಾಳಾಗುತ್ತಿತ್ತು. ಸರ್ ಅದನ್ನೇ ಹೇಳಿ, ಸಕ್ಷನ್ ಪೈಪ್ ದಪ್ಪ ಮಾಡಿಸಿ, ಟ್ಯಾಂಕನ್ನು ಮೇಲಕ್ಕೆ ಎತ್ತಿಸಿ, ಸ್ಟ್ರೈನರ್ ತೊಳೆಸಿದರು. ಹಳೆಯ ಪಂಪೇ ಓಡಿತು. ನಮಗೆ ಆ ದಿನ ಒಂದು ರೂಪಾಯಿಯ ಆರ್ಡರ್ ಇಲ್ಲ. ಮುಂದೆ ಅದೇ ಮಿಲ್ಲಿನವರು ಹೊಸ ಬಾಯ್ಲರ್ ಹಾಕಿಸುವಾಗ ಮೊದಲು ಫೋನ್ ಮಾಡಿದ್ದು ನಮಗೆ. ಆದರೆ ಫೋನ್ ಬರದೇ ಇದ್ದಿದ್ದರೂ ಸರ್ ಮಾಡಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಮಿಷನ್ ಜೊತೆ ದಿನವಿಡೀ ಇರುವವರನ್ನು ಕೇಳದೆ ಆಫೀಸಿನಲ್ಲಿ ಕೂತವರನ್ನು ಮಾತ್ರ ಕೇಳಿ ಮಾರುವುದು ಅರ್ಧ ಕೆಲಸ.

ಇಂಗ್ಲಿಷ್ ಚೆನ್ನಾಗಿ ಬರಬೇಕಾ?

ಮೇಲ್ ಬರೆಯುವಷ್ಟು, ಡೇಟಾ ಶೀಟ್ ಓದುವಷ್ಟು ಬೇಕು. ಅದು ಬರೆಯುತ್ತಾ ಬರೆಯುತ್ತಾ ಬರುತ್ತದೆ. ಸೈಟಿನಲ್ಲಿ ಕನ್ನಡವೇ ಆಸ್ತಿ. ಫಿಟ್ಟರು, ಆಪರೇಟರು, ಸ್ಟೋರ್ಸ್‌ನವರು ಮನಸ್ಸು ಬಿಚ್ಚಿ ಮಾತಾಡುವುದು ಕನ್ನಡದಲ್ಲೇ. ಹೊರಗಿನಿಂದ ಬಂದ ಕೆಲಸಗಾರರೂ ತುಂಬಾ ಇದ್ದಾರೆ, ಸ್ವಲ್ಪ ಹಿಂದಿ, ತಮಿಳು ಕಲಿತರೆ ಒಳ್ಳೆಯದು.

ಕೊಟೇಶನ್ ಬರೆಯೋದು ಕಷ್ಟಾನಾ?

ಕಷ್ಟ ಅಲ್ಲ, ಎಚ್ಚರ ಬೇಕು. ಬೆಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಜಗಳ ಆಗುವುದು ಬೆಲೆಯ ಕೆಳಗಿನ ಸಣ್ಣ ಸಾಲುಗಳಲ್ಲಿ. ಜಿಎಸ್‌ಟಿ ಸೇರಿದೆಯಾ, ಬೇರೆಯಾ? ಸಾಗಣೆ ಖರ್ಚು ಯಾರದ್ದು? ಬೇಸ್ ಫ್ರೇಮ್, ಕಪ್ಲಿಂಗ್, ಫೌಂಡೇಶನ್ ಬೋಲ್ಟ್ ಜೊತೆಗೆ ಬರುತ್ತಾ? ವಾರಂಟಿ ಯಾವತ್ತಿನಿಂದ? ನಮ್ಮ ಕಸುಬಿನಲ್ಲಿ ಸಾಮಾನ್ಯವಾಗಿ ಬರೆಯುವುದು ‘ಚಾಲೂ ಮಾಡಿದ ದಿನದಿಂದ 12 ತಿಂಗಳು ಅಥವಾ ಕಳಿಸಿದ ದಿನದಿಂದ 18 ತಿಂಗಳು, ಯಾವುದು ಮೊದಲೋ ಅದು’. ಗಿರಾಕಿ ಪಂಪು ತಂದು ಗೋಡೌನಿನಲ್ಲೇ ಇಟ್ಟುಕೊಂಡರೆ ವಾರಂಟಿ ಕರಗುತ್ತಿರುತ್ತದೆ. ಇದನ್ನು ಬಾಯಿ ಬಿಟ್ಟು ಹೇಳಿ, ಕಾಗದದಲ್ಲಿದೆಯಲ್ಲ ಅಂತ ಬಿಡಬೇಡಿ.

ದುಡ್ಡು ವಸೂಲಿ ಮಾಡೋದೂ ನಮ್ಮ ತಲೆಗೇ ಬರುತ್ತಾ?

ಬರುತ್ತದೆ. ಮಾರಿದವರೇ ಫೋನ್ ಮಾಡಬೇಕು. ನನಗೆ ಇಡೀ ವರ್ಷದಲ್ಲಿ ಕಷ್ಟ ಅನ್ನಿಸಿದ್ದು ಇದೇ. ಒಂದು ಕಾನೂನು ಗೊತ್ತಿರಲಿ: 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಮತ್ತು ಅತಿ ಸಣ್ಣ ಉದ್ಯಮಗಳಿಂದ ಕೊಂಡವರು, ಒಪ್ಪಂದ ಏನೇ ಇರಲಿ, 45 ದಿನದ ಒಳಗೆ ಹಣ ಕೊಡಬೇಕು. ನಿಮ್ಮ ಕಂಪನಿ ಆ ಗುಂಪಿಗೆ ಸೇರಿದ್ದರೆ ನಯವಾಗಿ ನೆನಪಿಸಬಹುದು. ಅಪ್ರೆಂಟಿಸ್ ಮೇಲೆ ವಸೂಲಿಯ ಪೂರ್ತಿ ಹೊರೆ ಹಾಕಿದರೆ ಮಾತ್ರ ಸೀನಿಯರ್ ಹತ್ತಿರ ಹೇಳಿ. ನೀವು ಇರುವುದು ಕಲಿಯಲು.

ಟಾರ್ಗೆಟ್ ಇರುತ್ತಾ?

ನನಗೆ ಆರ್ಡರಿನ ಟಾರ್ಗೆಟ್ ಇರಲಿಲ್ಲ. ಎಷ್ಟು ಕಡೆ ಹೋಗಿ ಬಂದೆ, ಏನು ತಿಳಿದುಕೊಂಡೆ ಅಂತ ರಿಪೋರ್ಟ್ ಕೊಡಬೇಕಿತ್ತು. ಕೆಲವು ಕಡೆ ಅಪ್ರೆಂಟಿಸ್‌ಗೂ ಟಾರ್ಗೆಟ್ ಹಾಕುತ್ತಾರೆ ಅಂತ ಗೆಳತಿಯರು ಹೇಳಿದ್ದಾರೆ. ಸೇರುವ ಮುಂಚೆ ಕೇಳಿಕೊಳ್ಳಿ.

ಆರ್ಡರ್ ಕೊಡೋಕೆ ‘ನನಗೇನು?’ ಅಂತ ಕೇಳಿದ್ರೆ?

ಕೇಳುವವರು ಸಿಗುತ್ತಾರೆ. ನೀವೇ ಉತ್ತರ ಕೊಡಲು ಹೋಗಬೇಡಿ. ‘ನಮ್ಮ ಮ್ಯಾನೇಜರ್ ಹತ್ತಿರ ಮಾತಾಡಿ’ ಅಂತ ಹೇಳಿ ಬಂದು, ಆಫೀಸಿನಲ್ಲಿ ಇದ್ದದ್ದು ಇದ್ದ ಹಾಗೆ ತಿಳಿಸಿ. ಆ ಆರ್ಡರ್ ಹೋದರೆ ಹೋಗಲಿ.

ಹುಡುಗಿಯರಿಗೆ ಈ ಫೀಲ್ಡ್ ಆಗುತ್ತಾ?

ಇದನ್ನು ಹುಡುಗಿಯರಿಗಿಂತ ಅವರ ಅಪ್ಪಂದಿರು ಜಾಸ್ತಿ ಕೇಳುತ್ತಾರೆ. ನಮ್ಮ ಅಪ್ಪನೂ ಕೇಳಿದ್ದರು. ಆಗುತ್ತದೆ. ನೇರವಾಗಿ ಹೇಳಬೇಕಾದ ತೊಂದರೆಗಳೂ ಇವೆ. ಸಣ್ಣ ಘಟಕಗಳಲ್ಲಿ ಹೆಂಗಸರಿಗೆ ಸರಿಯಾದ ಟಾಯ್ಲೆಟ್ ಇರುವುದಿಲ್ಲ. ಗೇಟಿನಲ್ಲಿ ‘ಯಾರನ್ನು ನೋಡಬೇಕಮ್ಮ, ಎಚ್‌ಆರ್‌ನವರನ್ನಾ?’ ಅಂತ ಕೇಳುತ್ತಾರೆ. ಮೊದಲ ಭೇಟಿಯಲ್ಲಿ ಪಕ್ಕದಲ್ಲಿರುವ ಹುಡುಗನ ಮುಖ ನೋಡಿ ಮಾತಾಡುತ್ತಾರೆ. ಎನ್‌ಪಿಎಸ್‌ಎಚ್ (ಪಂಪಿನ ಬಾಯಲ್ಲಿ ನೀರು ಆವಿಯಾಗದಂತೆ ಉಳಿದಿರುವ ಒತ್ತಡದ ಲೆಕ್ಕ) ಎಷ್ಟಿದೆ ಅಂತ ನೀವು ಕೇಳಿದ ಮೇಲೆ ನಿಮ್ಮ ಮುಖ ನೋಡುತ್ತಾರೆ. ಸೇಫ್ಟಿ ಶೂ, ಹೆಲ್ಮೆಟ್ ನಿಮ್ಮ ಅಳತೆಯದ್ದೇ ಕೊಡಿ ಅಂತ ಕಂಪನಿಯನ್ನು ಕೇಳಿ. ಓಡುವ ಕಪ್ಲಿಂಗ್ ಹತ್ತಿರ ದುಪ್ಪಟ್ಟ, ಬಿಟ್ಟ ಜಡೆ ಎರಡೂ ಬೇಡ. ಕತ್ತಲಾದ ಮೇಲೆ ಒಬ್ಬಳೇ ಹೊಸ ಸೈಟಿಗೆ ಹೋಗುವುದಿಲ್ಲ ಅಂತ ನಾನು ಮೊದಲೇ ಹೇಳಿದ್ದೆ, ಕಂಪನಿಯೂ ಒಪ್ಪಿತ್ತು.

ಗಾಡಿ ಇರಲೇಬೇಕಾ?

ಮೈಸೂರಿನ ಒಳಗೆ ಸ್ಕೂಟರ್ ಇದ್ದರೆ ಅನುಕೂಲ. ಮಂಡ್ಯಕ್ಕೆ ನಾನು ರೈಲು ಅಥವಾ ಬಸ್ಸಿನಲ್ಲೇ ಹೋಗುತ್ತಿದ್ದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹಾಗಾಗಿ ಸಮಯ ಜಾಸ್ತಿ ಇಟ್ಟುಕೊಳ್ಳಿ.

ಹಬ್ಬದ ಸಮಯದಲ್ಲಿ ಕೆಲಸ ಹೇಗೆ?

ದಸರಾ ವಾರದಲ್ಲಿ ಹೊಸ ಆರ್ಡರ್ ಮಾತು ನಡೆಯುವುದಿಲ್ಲ. ಆದರೆ ಆಯುಧಪೂಜೆಗೆ ಕರೆದರೆ ತಪ್ಪಿಸಬೇಡಿ. ನಾವು ಕೊಟ್ಟ ಪಂಪಿಗೂ ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದಿರುತ್ತಾರೆ. ಅವತ್ತು ಮಿಷನ್ನುಗಳೆಲ್ಲ ನಿಂತಿರುತ್ತವೆ. ಫಿಟ್ಟರ್‌ಗಳಿಗೆ ಮಾತಾಡಲು ಪುರುಸೊತ್ತು ಇರುವ ದಿನ ವರ್ಷದಲ್ಲಿ ಅದೊಂದೇ. ಯಾವ ಪಂಪು ಕಾಟ ಕೊಡುತ್ತಿದೆ ಅಂತ ಕಡ್ಲೆಪುರಿ ಕೈಗೆ ಹಾಕುತ್ತಲೇ ಹೇಳುತ್ತಾರೆ.

ಒಂದು ವರ್ಷ ಹೋದ್ರೆ ಬಿ.ಇ.ಗೆ ತೊಂದರೆ ಆಗಲ್ವಾ?

ಲೇಟರಲ್ ಎಂಟ್ರಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಬರೆಯಬೇಕು, ಸೀಟು ಸಿಕ್ಕರೆ ನೇರವಾಗಿ ಮೂರನೇ ಸೆಮಿಸ್ಟರ್. ವರ್ಷ ಬಿಟ್ಟು ಬರೆದರೂ ಬರೆಯಬಹುದು, ನಾನು ಹಾಗೇ ಬರೆದೆ. ತೊಂದರೆ ಆಗುವುದು ಗಣಿತದಲ್ಲಿ. ಕೆಲಸದಿಂದ ಬಂದು ಸುಸ್ತಾಗಿರುತ್ತದೆ, ಪುಸ್ತಕ ತೆಗೆಯಲು ಮನಸ್ಸು ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಗಣಿತಕ್ಕೇ ಅಂತ ಎತ್ತಿಟ್ಟುಕೊಳ್ಳಿ. ಪರೀಕ್ಷೆಯ ದಿನಾಂಕ ಪ್ರಕಟವಾದ ಕೂಡಲೇ ಮ್ಯಾನೇಜರ್‌ಗೆ ತಿಳಿಸಿ ರಜೆ ಕೇಳಿ. ಅಪ್ರೆಂಟಿಸ್ ಒಪ್ಪಂದ ಮುಗಿಯುವ ದಿನ ಮತ್ತು ಕಾಲೇಜು ಶುರುವಾಗುವ ದಿನ ಒಂದರ ಮೇಲೊಂದು ಬೀಳದ ಹಾಗೆ, ಸೇರುವಾಗಲೇ ತಿಂಗಳು ಎಣಿಸಿಕೊಳ್ಳಿ. ಮಧ್ಯದಲ್ಲಿ ಬಿಟ್ಟರೆ ಪ್ರಮಾಣಪತ್ರ ಕೈತಪ್ಪುತ್ತದೆ. ಡಿಪ್ಲೊಮಾ ಫಲಿತಾಂಶ ಬಂದ ತಕ್ಷಣ ಪೋರ್ಟಲ್‌ನಲ್ಲಿ ನೋಂದಾಯಿಸಿ, ಆದಷ್ಟು ಬೇಗ ಸೇರಿಕೊಂಡರೆ ಈ ಲೆಕ್ಕ ಸರಿಹೋಗುತ್ತದೆ.